ಲೈನ್ ಚಾರ್ಟ್‌ನ ಅಕ್ಷಕ್ಕೆ ಅಂಕಿ ಬರೆಯೋರು ಯಾರು? ಟಿಕ್ ಲೇಬಲ್‌ಗಳಿಗೊಂದು ಕೈಪಿಡಿ

ಒಂದು ಲೆಕ್ಕ ಇಟ್ಟುಕೊಳ್ಳೋಣ. ನಮ್ಮ ಮೆಟ್ರೋದಲ್ಲಿ ದಿನಕ್ಕೆ 8 ಲಕ್ಷ ಜನ ಓಡಾಡುತ್ತಿದ್ದರು, ದರ ಏರಿಸಿದ ಮೇಲೆ ಅದು 7.2 ಲಕ್ಷಕ್ಕೆ ಇಳಿಯಿತು. ಪ್ರಯಾಣಿಕರ ಅಂಕಿ ಉದಾಹರಣೆಗಷ್ಟೇ. ದರ ಏರಿದ್ದು ಮಾತ್ರ ನಿಜ: 2025ರ ಫೆಬ್ರುವರಿ 9ರಂದು ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಈ ಅಂಕಿಗಳನ್ನು ಹೂಡಿಯ ಪಿಜಿಯೊಂದರಲ್ಲಿ ಕೂತು ಯಾರೋ ಚಾರ್ಟ್.ಜೆಎಸ್‌ಗೆ ಹಾಕಿ ಲೈನ್ ಚಾರ್ಟ್ ಮಾಡುತ್ತಾರೆ. ಬೇರೇನನ್ನೂ ಸೆಟ್ ಮಾಡದೆ ಬಿಟ್ಟರೆ ವೈ ಅಕ್ಷ 7.2ರಿಂದ 8ರವರೆಗೆ ಮಾತ್ರ ಬರುತ್ತೆ, ಗೆರೆ ಚಾರ್ಟ್‌ನ ನೆತ್ತಿಯಿಂದ ಪಾದಕ್ಕೆ ಬೀಳುತ್ತೆ. ಸೊನ್ನೆಯಿಂದ ಶುರು ಮಾಡು ಅಂತ ಹೇಳಿದರೆ ಅದೇ ಗೆರೆ ಮೇಲ್ಗಡೆ ಒಂಚೂರು ಬಾಗಿದ ಹಾಗೆ ಕಾಣುತ್ತೆ, ಅಷ್ಟೇ. ದರ ಏರಿಕೆ ವಿರೋಧಿಸುವವರ ವಾಟ್ಸಾಪ್ ಗುಂಪಿಗೆ ಮೊದಲನೆಯದು ಹೋಗುತ್ತೆ, ಸಮರ್ಥಿಸುವವರ ಗುಂಪಿಗೆ ಎರಡನೆಯದು. ಡೇಟಾ ಒಂದೇ, ಕೋಡ್‌ನಲ್ಲಿ ವ್ಯತ್ಯಾಸ ಒಂದೇ ಸಾಲು.

ಐಟಿಪಿಎಲ್ ರಸ್ತೆಯ ಆಚೀಚೆ ಹಗಲಿಡೀ ಕಂಪನಿಯ ಡ್ಯಾಶ್‌ಬೋರ್ಡ್ ಬರೆದು, ಸಂಜೆ ತಮ್ಮ ವಾರ್ಡಿನ ನೀರು, ರಸ್ತೆ, ಮತದಾನದ ಅಂಕಿ ಹಿಡಿದು ಚಾರ್ಟ್ ಮಾಡುವವರು ಬಹಳ ಜನ ಇದ್ದಾರೆ. ಈ ಲೇಖನ ಅವರಿಗೆ. ಚಾರ್ಟ್ ಬರೆಯದೆ ಬರೀ ನೋಡುವವರಿಗೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತೆ. ಮುಖ್ಯವಾಗಿ ಚಾರ್ಟ್.ಜೆಎಸ್ ಬಗ್ಗೆ ಹೇಳುತ್ತೇನೆ, ಹೊಸಬರು ಹೆಚ್ಚಾಗಿ ಅದರಲ್ಲೇ ಶುರು ಮಾಡುತ್ತಾರೆ. ಬೇಕಾದ ಕಡೆ ಡಿ3 ಬರುತ್ತೆ. ಆಪ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಅವೆಲ್ಲ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ, ಎರಡನೇ ಪದದಿಂದ ಮೊದಲಕ್ಷರ ದೊಡ್ಡದಾಗಿ ಇರುತ್ತವೆ ಅನ್ನೋದು ನಿಮಗೆ ಗೊತ್ತೇ ಇದೆ.

ಈ ಅಂಕಿಗಳು ಎಲ್ಲಿಂದ ಬಂದವು?

ಅಕ್ಷದ ಮೇಲೆ ಅಲ್ಲಲ್ಲಿ ಕಾಣುವ ಪುಟ್ಟ ಗೀಟು ಟಿಕ್, ಅದರ ಪಕ್ಕದ ಬರಹ ಟಿಕ್ ಲೇಬಲ್. ನೀವು ಏನೂ ಹೇಳದಿದ್ದರೆ ಲೈಬ್ರರಿ ತಾನೇ ‘ಚೆಂದದ ಅಂಕಿ’ ಹುಡುಕುತ್ತೆ. ಚೆಂದದ ಅಂಕಿ ಅಂದರೆ 1, 2, 5 ಅಥವಾ ಅವುಗಳ ಹತ್ತು ಪಟ್ಟು, ನೂರು ಪಟ್ಟು. ಈ ಉಪಾಯ ಹಳೆಯದು. ಪಾಲ್ ಹೆಕ್‌ಬರ್ಟ್ ಎಂಬುವರು 1990ರ ‘ಗ್ರಾಫಿಕ್ಸ್ ಜೆಮ್ಸ್’ ಪುಸ್ತಕದಲ್ಲಿ ಇದನ್ನು ಪುಟ್ಟ ಅಲ್ಗಾರಿದಮ್ ಆಗಿ ಬರೆದಿಟ್ಟರು. ಇವತ್ತಿನ ಲೈಬ್ರರಿಗಳು ಹೆಚ್ಚೂಕಡಿಮೆ ಅದೇ ದಾರಿಯಲ್ಲಿವೆ.

ಹಾಗಾಗಿ ಡಿ3ಯಲ್ಲಿ ‘ಟಿಕ್ಸ್(5)’ ಅಂದರೆ ಐದೇ ಟಿಕ್ ಬರುತ್ತೆ ಅಂತ ಅಲ್ಲ. ಅದು ಬರೀ ಸೂಚನೆ. ನಾಲ್ಕು ಬರಬಹುದು, ಏಳೂ ಬರಬಹುದು. ಇಂಥವೇ ಬೇಕು ಅಂದರೆ ‘ಟಿಕ್‌ವ್ಯಾಲ್ಯೂಸ್’ಗೆ ಪಟ್ಟಿ ಕೊಡಬೇಕು. ಚಾರ್ಟ್.ಜೆಎಸ್‌ನಲ್ಲಿ ‘ಮ್ಯಾಕ್ಸ್‌ಟಿಕ್ಸ್‌ಲಿಮಿಟ್’ ಇದೆ, ಹೇಳದಿದ್ದರೆ 11. ಅದು ಮೇಲ್ಮಿತಿ ಮಾತ್ರ. ಹೆಜ್ಜೆಯ ಅಳತೆ ನೀವೇ ಹೇಳೋದಾದರೆ ‘ಸ್ಟೆಪ್‌ಸೈಝ್’. ಸೀಟು, ವಾರ್ಡು, ಶಾಲೆ ಇಂಥ ಎಣಿಕೆಯ ವಸ್ತುಗಳಿಗೆ ‘ಪ್ರಿಸಿಷನ್’ ಸೊನ್ನೆ ಇಡಿ. ಇಲ್ಲದಿದ್ದರೆ ಸಣ್ಣ ಪಕ್ಷವೊಂದರ ಚಾರ್ಟ್‌ನಲ್ಲಿ ‘2.5 ಸೀಟು’ ಅಂತ ಬರುತ್ತೆ. ಅರ್ಧ ಎಂಎಲ್‌ಎ ನಮ್ಮ ರಾಜಕೀಯದಲ್ಲೂ ಇನ್ನೂ ಬಂದಿಲ್ಲ.

ವೈ ಅಕ್ಷ: ಸೊನ್ನೆಯಿಂದಲೇ ಶುರು ಮಾಡಬೇಕಾ?

ಬಾರ್ ಚಾರ್ಟ್‌ಗೆ ಹೌದು, ಚರ್ಚೆಯೇ ಇಲ್ಲ. ಬಾರ್‌ನ ಉದ್ದವೇ ಅಲ್ಲಿ ಅಂಕಿ. ಚಾರ್ಟ್.ಜೆಎಸ್ ಕೂಡ ಬಾರ್ ಚಾರ್ಟ್‌ಗೆ ‘ಬಿಗಿನ್‌ಅಟ್‌ಝೀರೋ’ವನ್ನು ತಾನೇ ಹಚ್ಚಿಡುತ್ತೆ. ಲೈನ್ ಚಾರ್ಟ್‌ಗೆ ಹಚ್ಚಲ್ಲ. ಮೆಟ್ರೋ ಉದಾಹರಣೆಯಲ್ಲಿ ಗೆರೆ ಪಾದಕ್ಕೆ ಬಿದ್ದಿದ್ದು ಇದಕ್ಕೇ.

ಲೈನ್ ಚಾರ್ಟ್ ಸೊನ್ನೆಯಿಂದಲೇ ಇರಬೇಕು ಅನ್ನುವ ಹಠ ನನಗಿಲ್ಲ. ಕರ್ನಾಟಕ ವಿಧಾನಸಭೆ ಚುನಾವಣೆಯ ಮತದಾನ ನೋಡಿ: 2013ರಲ್ಲಿ ಶೇ 71ರ ಆಸುಪಾಸು, 2018ರಲ್ಲಿ 72, 2023ರಲ್ಲಿ 73. ಲೈಬ್ರರಿಗೆ ಬಿಟ್ಟರೆ ಅಕ್ಷ 71ರಿಂದ 73ರವರೆಗೆ ಬಂದು ಪ್ರಜಾಪ್ರಭುತ್ವ ಗಗನಕ್ಕೆ ಹಾರಿದ ಹಾಗೆ ಕಾಣುತ್ತೆ. 0ಯಿಂದ 100 ಇಟ್ಟರೆ ಗೆರೆ ಮಲಗಿಬಿಡುತ್ತೆ. ಎರಡೂ ಓದುಗರಿಗೆ ಏನೂ ಹೇಳಲ್ಲ. ನಿಜವಾದ ಪ್ರಶ್ನೆ ಏನು? ಇದೇ ಚುನಾವಣೆಗಳಲ್ಲಿ ಬೆಂಗಳೂರು ನಗರದ ಮತದಾನ ಶೇ 55ರ ಸುತ್ತಮುತ್ತಲೇ ನಿಂತಿದೆ. ಆ ಗೆರೆಯನ್ನೂ ಅದೇ ಚಾರ್ಟ್‌ಗೆ ತಂದು, ಅಕ್ಷವನ್ನು 50ರಿಂದ 80 ಇಟ್ಟು, ಹತ್ತಕ್ಕೊಂದು ಟಿಕ್ ಹಾಕಿದರೆ ಇಡೀ ರಾಜ್ಯಕ್ಕೂ ರಾಜಧಾನಿಗೂ ನಡುವಿನ ಕಂದಕ ಕಣ್ಣಿಗೆ ಬೀಳುತ್ತೆ. ಸುದ್ದಿ ಇರುವುದು ಆ ಕಂದಕದಲ್ಲಿ, ಒಂದು ಪರ್ಸೆಂಟ್ ಏರಿಳಿತದಲ್ಲಿ ಅಲ್ಲ. ಅಕ್ಷ ಎಲ್ಲಿಂದ ಎಲ್ಲಿಗೆ ಅನ್ನೋದನ್ನು ಪ್ರಶ್ನೆ ತೀರ್ಮಾನಿಸಬೇಕು. ಸೊನ್ನೆ ಬಿಟ್ಟಿದ್ದರೆ ಕೆಳಗಿನ ಲೇಬಲ್ ‘50%’ ಅಂತ ಎದ್ದು ಕಾಣಬೇಕು. ಜಾಗ ಉಳಿಸಲು ವೈ ಅಕ್ಷದ ಲೇಬಲ್‌ಗಳನ್ನೇ ತೆಗೆದುಹಾಕಿದ ಚಾರ್ಟ್ ಯಾರಾದರೂ ಕಳಿಸಿದರೆ ಫಾರ್ವರ್ಡ್ ಮಾಡಬೇಡಿ.

ಇದಕ್ಕೆ ಎರಡು ಜೋಡಿ ಆಪ್ಷನ್‌ಗಳಿವೆ, ಹೆಸರು ಹತ್ತಿರ, ಕೆಲಸ ಬೇರೆ. ‘ಮಿನ್’, ‘ಮ್ಯಾಕ್ಸ್’ ಕಟ್ಟುನಿಟ್ಟು: ಆಚೆಗೆ ಬಿದ್ದ ಬಿಂದು ಕಾಣಲ್ಲ. ‘ಸಜೆಸ್ಟೆಡ್‌ಮಿನ್’, ‘ಸಜೆಸ್ಟೆಡ್‌ಮ್ಯಾಕ್ಸ್’ ಮೃದು: ಡೇಟಾ ಆ ಗಡಿ ದಾಟಿದರೆ ಅಕ್ಷವೂ ಹಿಗ್ಗುತ್ತೆ. ದಿನಾ ಹೊಸ ಡೇಟಾ ಬರುವ ಚಾರ್ಟ್‌ಗೆ, ಅಂದರೆ ಮಳೆ, ಗಾಳಿಯ ಗುಣಮಟ್ಟ ಇಂಥವಕ್ಕೆ, ಮೃದುವಾದದ್ದೇ ವಾಸಿ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಭಾಗ ಮುಳುಗಿದಾಗಿನಂಥ ಮಳೆ ಬಂದ ದಿನ ‘ಮ್ಯಾಕ್ಸ್’ 100 ಮಿಲಿಮೀಟರ್ ಅಂತ ಕಟ್ಟಿಟ್ಟಿದ್ದರೆ, ತೋರಿಸಲೇಬೇಕಾದ ದಿನವೇ ಚಾರ್ಟ್‌ನಿಂದ ಹೊರಗೆ ಹೋಗುತ್ತೆ.

ಇನ್ನು ಸೀಟುಗಳ ಚಾರ್ಟ್. ನಮ್ಮ ವಿಧಾನಸಭೆಯಲ್ಲಿ 224 ಸೀಟು, ಬಹುಮತಕ್ಕೆ 113. ಲೈಬ್ರರಿ ತಾನಾಗಿ ಕೊಡುವುದು 0, 20, 40, 60… ಹೀಗೆ. ಓದುಗ ಹುಡುಕುವ ಒಂದೇ ಅಂಕಿ 113, ಅದು ಅಲ್ಲಿ ಬರಲು ಸಾಧ್ಯವೇ ಇಲ್ಲ, ಯಾಕೆಂದರೆ ಅದು ‘ಚೆಂದದ ಅಂಕಿ’ ಅಲ್ಲ. ಇಲ್ಲಿ ‘ಆಫ್ಟರ್‌ಬಿಲ್ಡ್‌ಟಿಕ್ಸ್’ ಎಂಬ ಹುಕ್ ಬಳಸಿ. ಲೈಬ್ರರಿ ತನ್ನ ಟಿಕ್‌ಗಳನ್ನು ಕಟ್ಟಿ ಮುಗಿಸಿದ ಮೇಲೆ ಈ ಫಂಕ್ಷನ್ ಓಡುತ್ತೆ. ಅಕ್ಷವನ್ನೇ ನಿಮ್ಮ ಕೈಗೆ ಕೊಡುತ್ತೆ. ಅದರ ‘ಟಿಕ್ಸ್’ಗೆ 0, 50, 113, 150, 224 ಅನ್ನುವ ಪಟ್ಟಿಯನ್ನು, ಪ್ರತಿಯೊಂದನ್ನೂ ‘ವ್ಯಾಲ್ಯೂ’ ಇರುವ ಆಬ್ಜೆಕ್ಟ್ ಮಾಡಿ ಹಾಕಿದರೆ ಮುಗೀತು. ‘ಮಿನ್’ 0, ‘ಮ್ಯಾಕ್ಸ್’ 224 ಮೊದಲೇ ಇಟ್ಟಿರಿ. ಲೇಬಲ್ ಕಾಲ್‌ಬ್ಯಾಕ್‌ನಲ್ಲಿ 113 ಬಂದಾಗ ‘113 ಬಹುಮತ’ ಅಂತ ಬರೆದರೆ ಚಾರ್ಟ್‌ಗೆ ಬೇರೆ ವಿವರಣೆಯೇ ಬೇಡ.

ಎಕ್ಸ್ ಅಕ್ಷ: 1983 ಮತ್ತು 1985ರ ನಡುವೆ ಎಷ್ಟು ದೂರ?

ನಿಜವಾದ ಅನಾಹುತ ನಡೆಯುವುದು ಇಲ್ಲಿ. ವೈ ಅಕ್ಷದ ತಂತ್ರ ಈಗ ಎಲ್ಲರಿಗೂ ಗೊತ್ತಾಗಿದೆ, ಎಕ್ಸ್ ಅಕ್ಷವನ್ನು ಯಾರೂ ಅನುಮಾನಿಸಲ್ಲ.

ನಮ್ಮ ವಿಧಾನಸಭೆ ಚುನಾವಣೆಗಳ ವರ್ಷ ಬರೆಯಿರಿ: 1983, 1985, 1989, 1994, 1999, 2004, 2008, 2013, 2018, 2023. ಮೊದಲ ಎರಡರ ನಡುವೆ ಎರಡೇ ವರ್ಷ. 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷ ರಾಜ್ಯದಲ್ಲಿ ನೆಲಕಚ್ಚಿದ ಮೇಲೆ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದ್ದರು. ಆಮೇಲೆ ನಾಲ್ಕು ವರ್ಷ, ಐದು, ಐದು, ಐದು, ಮತ್ತೆ ನಾಲ್ಕು. ಈಗ ಬಿಜೆಪಿ ಗೆದ್ದ ಸೀಟುಗಳನ್ನು ಹಾಕಿ: 18, 2, 4, 40, 44, 79, 110, 40, 104, 66. ಚಾರ್ಟ್.ಜೆಎಸ್‌ನಲ್ಲಿ ‘ಲೇಬಲ್ಸ್’ಗೆ ವರ್ಷಗಳ ಪಟ್ಟಿ ಕೊಟ್ಟು ಲೈನ್ ಚಾರ್ಟ್ ಮಾಡಿದರೆ, ಎಕ್ಸ್ ಅಕ್ಷ ‘ಕ್ಯಾಟಗರಿ’ ಆಗುತ್ತೆ. ಕ್ಯಾಟಗರಿಗೆ 1983 ಅಂದರೆ ವರ್ಷ ಅಲ್ಲ, ಹೆಸರು. ಇಡ್ಲಿ, ದೋಸೆ, ವಡೆ ಇದ್ದ ಹಾಗೆ. ಎಲ್ಲದರ ನಡುವೆ ಸಮಾನ ದೂರ. ಎರಡು ವರ್ಷದ ಕುಸಿತವೂ ಐದು ವರ್ಷದ ಏರಿಕೆಯೂ ಅಷ್ಟೇ ಅಗಲ. ಬಾರ್ ಚಾರ್ಟ್ ಆಗಿದ್ದರೆ ಪರವಾಗಿರಲಿಲ್ಲ. ಲೈನ್ ಚಾರ್ಟ್‌ನಲ್ಲಿ ಗೆರೆಯ ಓರೆಯೇ ವೇಗವನ್ನು ಹೇಳುತ್ತೆ. ದೂರ ತಪ್ಪಿದರೆ ಓರೆ ತಪ್ಪಿತು.

ಸರಿಪಡಿಸುವುದು ಸುಲಭ. ಎಕ್ಸ್ ಅಕ್ಷದ ‘ಟೈಪ್’ ಅನ್ನು ‘ಲೀನಿಯರ್’ ಮಾಡಿ, ಡೇಟಾವನ್ನು ಎಕ್ಸ್-ವೈ ಜೋಡಿಗಳಾಗಿ ಕೊಡಿ. ಆಗ ಎರಡು ಹೊಸ ತಲೆನೋವು ಬರುತ್ತೆ. ಒಂದು, ಅಕ್ಷದ ಮೇಲೆ ‘2,004’ ಅಂತ ಅಲ್ಪವಿರಾಮ ಹಾಕಿದ ವರ್ಷ! ಲೀನಿಯರ್ ಅಕ್ಷಕ್ಕೆ ವರ್ಷವೂ ಒಂದು ಸಂಖ್ಯೆ. ಡಿ3ಯಲ್ಲೂ ಇದೇ ಕತೆ, ಅಲ್ಲಿ ‘ಟಿಕ್‌ಫಾರ್ಮ್ಯಾಟ್’ಗೆ ‘ಡಿ’ ಎಂಬ ಫಾರ್ಮ್ಯಾಟ್ ಕೊಡಬೇಕು. ಚಾರ್ಟ್.ಜೆಎಸ್‌ನಲ್ಲಿ ಕಾಲ್‌ಬ್ಯಾಕ್ ಬರೆದು ಸಂಖ್ಯೆಯನ್ನು ಸ್ಟ್ರಿಂಗ್ ಮಾಡಿ ವಾಪಸ್ ಕೊಟ್ಟರೆ ಸಾಕು. ಎರಡು, ಟಿಕ್‌ಗಳು 1985, 1990, 1995 ಅಂತ ಐದೈದು ವರ್ಷಕ್ಕೆ ಬೀಳುತ್ತವೆ, ಚುನಾವಣೆ ನಡೆದ ವರ್ಷಗಳ ಮೇಲಲ್ಲ. ಇಲ್ಲಿಗೂ ‘ಆಫ್ಟರ್‌ಬಿಲ್ಡ್‌ಟಿಕ್ಸ್’ ತಂದು ಚುನಾವಣಾ ವರ್ಷಗಳನ್ನೇ ಹಾಕಿ, ‘ಮಿನ್’ 1983, ‘ಮ್ಯಾಕ್ಸ್’ 2023 ಇಡಿ.

ಮೊಬೈಲ್‌ನಲ್ಲಿ ತೆರೆದಾಗ ಇನ್ನೊಂದು ಆಗುತ್ತೆ. ‘ಆಟೋಸ್ಕಿಪ್’ ಅಂತ ಒಂದು ಆಪ್ಷನ್ ಸದಾ ಆನ್ ಇರುತ್ತೆ. ಜಾಗ ಸಾಲದಿದ್ದರೆ ನಡುನಡುವಿನ ಲೇಬಲ್‌ಗಳನ್ನು ಅದು ಕೇಳದೆ ಕೈಬಿಡುತ್ತೆ. ಲ್ಯಾಪ್‌ಟಾಪಿನಲ್ಲಿ ಕಂಡ 2013 ಫೋನಿನಲ್ಲಿ ಮಾಯ. ನಿಮ್ಮ ಲೇಖನದ ವಾದವೇ 2013ರ ಮೇಲೆ ನಿಂತಿದ್ದರೆ? ‘ಆಟೋಸ್ಕಿಪ್’ ಆಫ್ ಮಾಡಿದರೆ ಎಲ್ಲವೂ ಉಳಿಯುತ್ತವೆ, ಆದರೆ ಲೇಬಲ್‌ಗಳು ಓರೆಯಾಗಿ ನಿಲ್ಲಬಹುದು, 1983 ಮತ್ತು 1985 ಒಂದರ ಮೇಲೊಂದು ಹತ್ತಬಹುದು. ‘ಮ್ಯಾಕ್ಸ್‌ರೊಟೇಶನ್’ ಹೇಳದಿದ್ದರೆ 50 ಡಿಗ್ರಿ. ಅದನ್ನು 0 ಮಾಡಿ. ಹತ್ತಿಕೊಳ್ಳುವುದಕ್ಕೆ ನಾನು ಬಳಸುವ ಉಪಾಯ ಹೀಗೆ: ಕಾಲ್‌ಬ್ಯಾಕ್ ಒಂದು ಸ್ಟ್ರಿಂಗ್ ಬದಲು ಸ್ಟ್ರಿಂಗ್‌ಗಳ ಪಟ್ಟಿ ಕೊಟ್ಟರೆ ಚಾರ್ಟ್.ಜೆಎಸ್ ಅದನ್ನು ಸಾಲು ಸಾಲಾಗಿ ಬರೆಯುತ್ತೆ. 1985ಕ್ಕೆ ಮೊದಲ ಸಾಲು ಖಾಲಿ, ಎರಡನೇ ಸಾಲಿನಲ್ಲಿ ವರ್ಷ. ಲೇಬಲ್ ಒಂದು ಮೆಟ್ಟಿಲು ಕೆಳಗಿಳಿದು ಕೂರುತ್ತೆ, ಜಗಳ ಇಲ್ಲ.

ಎರಡು ಸಾಲಿನ ಲೇಬಲ್‌ಗೆ ಇದಕ್ಕಿಂತ ದೊಡ್ಡ ಕೆಲಸವೂ ಇದೆ. ‘ಬೆಂಗಳೂರಿನ ಜನಸಂಖ್ಯೆ’ ಅಂತ ಗೆರೆ ಎಳೆಯುವವರು 2001ಕ್ಕೆ 43 ಲಕ್ಷ, 2011ಕ್ಕೆ 84 ಲಕ್ಷ ಹಾಕಿ ‘ಹತ್ತೇ ವರ್ಷದಲ್ಲಿ ದುಪ್ಪಟ್ಟು’ ಅನ್ನುತ್ತಾರೆ. ಅದರ ಹಿಂದೆಯೇ ವಲಸಿಗರ ಬಗ್ಗೆ ಒಂದು ಪೋಸ್ಟ್ ಬರುತ್ತೆ. ಆದರೆ 43 ಲಕ್ಷ ಹಳೆಯ ಬೆಂಗಳೂರು ಮಹಾನಗರ ಪಾಲಿಕೆಯ ಅಂಕಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. 84 ಲಕ್ಷ ಅದರದ್ದು. ಮಹದೇವಪುರ ಅಲ್ಲಿಯತನಕ ಬೇರೆಯೇ ನಗರಸಭೆ, ಅಲ್ಲಿದ್ದ ಜನ 2001ರ ಆ 43 ಲಕ್ಷದಲ್ಲಿ ಇಲ್ಲವೇ ಇಲ್ಲ. ಸುತ್ತಲಿನ ಊರುಗಳನ್ನೂ ಸೇರಿಸಿದ ನಗರ ಸಮೂಹದ ಲೆಕ್ಕ ಹಿಡಿದರೆ 57 ಲಕ್ಷದಿಂದ 85 ಲಕ್ಷ. ದೊಡ್ಡ ಬೆಳವಣಿಗೆಯೇ, ದುಪ್ಪಟ್ಟಂತೂ ಅಲ್ಲ. ಹಳೆಯ ಅಂಕಿಗಳನ್ನೇ ಬಳಸಬೇಕಾದ ಅನಿವಾರ್ಯ ಇದ್ದರೆ ಲೇಬಲ್ ‘2001’ ಎಂಬ ಸಾಲಿನ ಕೆಳಗೆ ‘ಬಿಎಂಪಿ’, ‘2011’ರ ಕೆಳಗೆ ‘ಬಿಬಿಎಂಪಿ’ ಅಂತ ಇರಲಿ, ಎರಡರ ನಡುವೆ ಗೆರೆ ಕೂಡಿಸಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ, ಹೂಡಿ ಈಗ ಬೆಂಗಳೂರು ಪೂರ್ವಕ್ಕೆ ಸೇರಿದೆ. ಇನ್ನು ಮುಂದೆ ಪಾಲಿಕೆಯ ಯಾವ ಲೆಕ್ಕದ ಗೆರೆ ಎಳೆದರೂ ಈ ಮುರಿತ ಅಕ್ಷದ ಮೇಲೆ ಬರೆದಿರಬೇಕು.

ಜನಗಣತಿಯದೇ ಇನ್ನೊಂದು ಮಾತು. 2021ರದ್ದು ನಡೆಯಲಿಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. 1971ರಿಂದ ಹತ್ತು ಹತ್ತು ವರ್ಷಕ್ಕೆ ಬಂದ ಬಿಂದುಗಳ ಸಾಲಿಗೆ ಕ್ಯಾಟಗರಿ ಅಕ್ಷದಲ್ಲಿ 2027 ಸೇರಿಸಿದರೆ ಹದಿನಾರು ವರ್ಷದ ಬೆಳವಣಿಗೆ ಹತ್ತು ವರ್ಷದ್ದಾಗಿ ಕಾಣುತ್ತೆ. ಆ ಚಾರ್ಟ್ ಇಟ್ಟುಕೊಂಡು ಯಾರು ಏನೇನು ಮಾತಾಡುತ್ತಾರೆ ಅಂತ ಈಗಲೇ ಊಹಿಸಬಹುದು. ಕ್ಷೇತ್ರ ಮರುವಿಂಗಡಣೆಯ ಚರ್ಚೆ ಕಾವೇರಿದ ಹೊತ್ತಲ್ಲಂತೂ ಕೇಳೋದೇ ಬೇಡ.

ದಿನಾಂಕಗಳಿಗೂ ಇದೇ ಮದ್ದು. ಹೂಡಿ ನಿಲ್ದಾಣದ ಪ್ರಯಾಣಿಕರ ಗೆರೆ ಎಳೆಯೋದಾದರೆ ತಿಂಗಳಿಗೊಂದು ಟಿಕ್ ಹಾಕಿ ಅಕ್ಷ ತುಂಬಿಸುವುದಕ್ಕಿಂತ ಮೂರು ದಿನಾಂಕ ಸಾಕು. 2023ರ ಮಾರ್ಚ್ 25, ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ಮಾರ್ಗ ಉದ್ಘಾಟನೆ. 2023ರ ಅಕ್ಟೋಬರ್ 9, ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ತುಂಡು ಸೇರಿದ್ದು. ಅಲ್ಲಿಯತನಕ ನಡುವಿನ ದಾರಿಗೆ ಫೀಡರ್ ಬಸ್ ಹತ್ತಬೇಕಿತ್ತು. 2025ರ ಫೆಬ್ರುವರಿ 9, ದರ ಏರಿಕೆ. ‘ಟೈಮ್’ ಅಕ್ಷಕ್ಕೆ ಡೇಟ್ ಅಡಾಪ್ಟರ್ ಬೇರೆಯಾಗಿ ಸೇರಿಸಬೇಕು, ಮರೆತರೆ ಚಾರ್ಟ್ ಬರೋದೇ ಇಲ್ಲ.

ಕಾಲ್‌ಬ್ಯಾಕ್‌ನ ಎರಡು ಗುಂಡಿಗಳು

ಕ್ಯಾಟಗರಿ ಅಕ್ಷದಲ್ಲಿ ಕಾಲ್‌ಬ್ಯಾಕ್‌ಗೆ ಬರುವ ಮೊದಲ ವ್ಯಾಲ್ಯೂ ನಿಮ್ಮ ಲೇಬಲ್ ಅಲ್ಲ, ಅದರ ಕ್ರಮಸಂಖ್ಯೆ. ‘ಜನವರಿ’ ಬರುತ್ತೆ ಅಂತ ಕಾದರೆ 0 ಬರುತ್ತೆ. ನಿಜವಾದ ಲೇಬಲ್ ಬೇಕಿದ್ದರೆ ‘ದಿಸ್’ ಮೇಲೆ ‘ಗೆಟ್‌ಲೇಬಲ್‌ಫಾರ್‌ವ್ಯಾಲ್ಯೂ’ ಕರೆಯಬೇಕು. ಹಾಗೆ ಕರೆಯಲು ಕಾಲ್‌ಬ್ಯಾಕ್ ಮಾಮೂಲಿ ಫಂಕ್ಷನ್ ಆಗಿರಬೇಕು. ಬಾಣದ ಫಂಕ್ಷನ್ ಬರೆದರೆ ‘ದಿಸ್’ ಎಲ್ಲೋ ಬೇರೆ ಕಡೆ ನೋಡುತ್ತಿರುತ್ತೆ.

ಎರಡನೆಯದು, ಲೇಬಲ್ ಬೇಡ ಅಂದಾಗ ಏನು ವಾಪಸ್ ಕೊಡುತ್ತೀರಿ ಅನ್ನೋದು. ಖಾಲಿ ಸ್ಟ್ರಿಂಗ್ ಕೊಟ್ಟರೆ ಬರಹ ಹೋಗಿ ಹಿಂದಿನ ಗ್ರಿಡ್ ಗೆರೆ ಉಳಿಯುತ್ತೆ. ‘ನಲ್’ ಕೊಟ್ಟರೆ ಗ್ರಿಡ್ ಗೆರೆಯೂ ಹೋಗುತ್ತೆ. 113ರ ಗೆರೆ ಮಾತ್ರ ಬೇಕು, ಉಳಿದದ್ದು ಬೇಡ ಅನ್ನುವಾಗ ಇದು ಬಹಳ ಉಪಯೋಗ.

ಲಕ್ಷ, ಕೋಟಿ ಮತ್ತು ಮಾರ

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರ ಕ್ಷೇತ್ರದ ಮತದಾರರ ಪಟ್ಟಿ ಹಿಡಿದು 1,00,250 ಮತಗಳ ಆರೋಪ ಮಾಡಿದರು, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ನೀವು ಯಾರನ್ನು ನಂಬುತ್ತೀರೋ ಅದು ನಿಮಗೆ ಬಿಟ್ಟಿದ್ದು. ಆ ಸಂಖ್ಯೆ ಅಮೆರಿಕದ ಸೆಟ್ಟಿಂಗ್ ಇರುವ ಬ್ರೌಸರಿನ ಅಕ್ಷದ ಮೇಲೆ ಬಂದರೆ ಮಾತ್ರ ‘100,250’ ಆಗುತ್ತೆ. ನಮ್ಮ ಕಣ್ಣು ಅಲ್ಲಿ ಎಡವುತ್ತೆ. ಚಾರ್ಟ್.ಜೆಎಸ್‌ನ ‘ಲೋಕೇಲ್’ ಆಪ್ಷನ್‌ಗೆ ‘ಇಎನ್-ಐಎನ್’ ಕೊಡಿ, ಲಕ್ಷ-ಕೋಟಿಯ ಅಲ್ಪವಿರಾಮ ಬರುತ್ತೆ. ಸಂಖ್ಯೆಗೆ ಇದನ್ನೇ ಇಟ್ಟುಕೊಳ್ಳಿ, ತಿಂಗಳ ಹೆಸರಿಗೆ ‘ಕೆಎನ್-ಐಎನ್’ ಬಳಸಿ. ಡಿ3ಯಲ್ಲಿ ‘ಫಾರ್ಮ್ಯಾಟ್‌ಲೋಕೇಲ್’ ಮಾಡಿ ‘ಗ್ರೂಪಿಂಗ್’ ಅನ್ನು 3, 2, 2, 2 ಅಂತ ಹೇಳಬೇಕು. ಡಿ3ಯ ‘ಎಸ್’ ಫಾರ್ಮ್ಯಾಟ್ ಮುಟ್ಟಲೇಬೇಡಿ, 85 ಲಕ್ಷವನ್ನು ‘8.5ಎಂ’ ಮಾಡುತ್ತೆ, ನೂರು ಕೋಟಿ ದಾಟಿದರೆ ‘ಜಿ’ ಅನ್ನುತ್ತೆ. ಬಜೆಟ್ ಚಾರ್ಟ್ ಮೇಲೆ ‘ಜಿ’ ನೋಡಿದವರು ಮೊಬೈಲ್ ಡೇಟಾ ಪ್ಯಾಕ್ ಅಂದುಕೊಳ್ಳುತ್ತಾರೆ. ಕಾಲ್‌ಬ್ಯಾಕ್‌ನಲ್ಲೇ ಕೋಟಿ ದಾಟಿದ್ದನ್ನು ಕೋಟಿಯಿಂದ, ಲಕ್ಷ ದಾಟಿದ್ದನ್ನು ಲಕ್ಷದಿಂದ ಭಾಗಿಸಿ ಪಕ್ಕದಲ್ಲಿ ಪದ ಬರೆಯಿರಿ. ಮೂರು ಸಾಲಿನ ಕೆಲಸ. ಕನ್ನಡ ಅಂಕಿ ೧, ೨, ೩ ಬೇಕೆನ್ನುವವರಿಗೆ ಲೋಕೇಲ್‌ನ ಕೊನೆಗೆ ‘ಯು-ಎನ್‌ಯು-ಕೆಎನ್‌ಡಿಎ’ ಸೇರಿಸುವ ದಾರಿ ಇದೆ.

ತಿಂಗಳ ಹೆಸರು ಗಿಡ್ಡ ಮಾಡಲು ಇಂಗ್ಲಿಷ್ ಅಭ್ಯಾಸದಲ್ಲಿ ‘ಸ್ಲೈಸ್(0, 3)’ ಹೊಡೆಯುವವರಿದ್ದಾರೆ. ಜಾವಾಸ್ಕ್ರಿಪ್ಟ್‌ಗೆ ನಮ್ಮ ಅಕ್ಷರ ಗೊತ್ತಿಲ್ಲ, ವ್ಯಂಜನ, ಸ್ವರಚಿಹ್ನೆ, ವಿರಾಮ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೆ. ‘ಜನವರಿ’ ಹೋಗಿ ‘ಜನವ’, ‘ಡಿಸೆಂಬರ್’ ಹೋಗಿ ‘ಡಿಸ’. ‘ಮಾರ್ಚ್’ ಕತ್ತರಿಸಿದರೆ ‘ಮಾರ’! ಬಜೆಟ್ ತಿಂಗಳಲ್ಲಿ ಅಕ್ಷದ ಮೇಲೆ ಸಾಕ್ಷಾತ್ ಮನ್ಮಥ. ಬ್ರೌಸರಿನ ‘ಇಂಟ್ಲ್.ಡೇಟ್‌ಟೈಮ್‌ಫಾರ್ಮ್ಯಾಟ್’ಗೆ ತಿಂಗಳು ‘ಶಾರ್ಟ್’ ಬೇಕು ಅಂತ ಹೇಳಿ, ಇಲ್ಲವೇ ಹನ್ನೆರಡು ಹೆಸರನ್ನು ನೀವೇ ಬರೆದಿಡಿ. ಊರು, ಕ್ಷೇತ್ರದ ಹೆಸರು ಕತ್ತರಿಸಲೇಬೇಕಾದರೆ ‘ಇಂಟ್ಲ್.ಸೆಗ್ಮೆಂಟರ್’ ಇದೆ. ಚಾರ್ಟ್.ಜೆಎಸ್ ಕ್ಯಾನ್ವಾಸ್ ಮೇಲೆ ಬರೆಯುವುದರಿಂದ ಕನ್ನಡ ಫಾಂಟ್ ತಡವಾಗಿ ಇಳಿದರೆ ಲೇಬಲ್‌ನ ಅಗಲದ ಅಳತೆ ತಪ್ಪುತ್ತೆ. ‘ಡಾಕ್ಯುಮೆಂಟ್.ಫಾಂಟ್ಸ್.ರೆಡಿ’ ಆದ ಮೇಲೆ ಚಾರ್ಟ್ ಕಟ್ಟಿ. ಎರಡು ಸಾಲಿನ ಲೇಬಲ್‌ಗಳಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ‘ಲೈನ್‌ಹೈಟ್’ ಸ್ವಲ್ಪ ಹೆಚ್ಚಿಸಿ.

ದೂರದ ಓದುಗರದ್ದೊಂದು ಸಮಸ್ಯೆ. ನಮ್ಮ ಕಳೆದ ವಿಧಾನಸಭೆ ಚುನಾವಣೆಯ ಮತದಾನ 2023ರ ಮೇ 10. ‘2023-05-10’ ಅಂತ ಬರೀ ದಿನಾಂಕವನ್ನು ‘ನ್ಯೂ ಡೇಟ್’ಗೆ ಕೊಟ್ಟರೆ ಅದು ಯುಟಿಸಿ ನಡುರಾತ್ರಿ ಅಂತ ಲೆಕ್ಕ. ನಮಗೆ ಬೆಳಗಿನ ಜಾವ ಐದೂವರೆ, ದಿನಾಂಕ ಸರಿಯಾಗೇ ಇರುತ್ತೆ, ಆದ್ದರಿಂದ ಟೆಸ್ಟ್ ಮಾಡುವಾಗ ಏನೂ ತಿಳಿಯಲ್ಲ. ನ್ಯೂಜೆರ್ಸಿಯಲ್ಲಿ ಕೂತ ಕನ್ನಡಿಗರ ಲ್ಯಾಪ್‌ಟಾಪಿನಲ್ಲಿ ಇನ್ನೂ ಹಿಂದಿನ ಸಂಜೆ, ಟಿಕ್ ‘ಮೇ 9’ ಅನ್ನುತ್ತೆ. ಫಾರ್ಮ್ಯಾಟ್ ಮಾಡುವಾಗ ‘ಟೈಮ್‌ಝೋನ್’ ‘ಏಷ್ಯಾ/ಕೋಲ್ಕತಾ’ ಎಂದು ಕಟ್ಟಿಬಿಡಿ.

ಹಳೆಯ ಕೋಡ್, ಬೇರೆ ಲೈಬ್ರರಿ

ನೆಟ್‌ನಲ್ಲಿ ಸಿಗುವ ಚಾರ್ಟ್.ಜೆಎಸ್ ಉದಾಹರಣೆಗಳಲ್ಲಿ ‘ಎಕ್ಸ್‌ಆಕ್ಸಿಸ್’, ‘ವೈಆಕ್ಸಿಸ್’ ಅಂತ ಪಟ್ಟಿ ಕಂಡರೆ ಅದು 2ನೇ ಆವೃತ್ತಿಯದು. 2021ರ 3ನೇ ಆವೃತ್ತಿಯಿಂದ ‘ಸ್ಕೇಲ್ಸ್’ ಒಳಗೆ ನೇರ ‘ಎಕ್ಸ್’, ‘ವೈ’. ಮೊದಲು ‘ಟಿಕ್ಸ್’ ಒಳಗಿದ್ದ ‘ಮಿನ್’, ‘ಮ್ಯಾಕ್ಸ್’, ‘ಬಿಗಿನ್‌ಅಟ್‌ಝೀರೋ’ ಒಂದು ಹಂತ ಮೇಲೆ ಬಂದಿವೆ. ಹಳೆಯ ಜಾಗದಲ್ಲೇ ಬರೆದರೆ ಎರರ್ ಬರಲ್ಲ, ಸುಮ್ಮನೆ ಕೆಲಸ ಮಾಡಲ್ಲ. ಎಐ ಬರೆದುಕೊಟ್ಟ ಕೋಡ್‌ನಲ್ಲೂ ಈ ಹಳೆಯ ರೂಪ ನುಸುಳುತ್ತೆ, ನೋಡಿಕೊಳ್ಳಿ.

ಹೈಚಾರ್ಟ್ಸ್‌ನಲ್ಲಿ ಟಿಕ್‌ಗಳ ಪಟ್ಟಿಗೆ ‘ಟಿಕ್‌ಪೊಸಿಷನ್ಸ್’. ಪ್ಲಾಟ್ಲಿಯಲ್ಲಿ ಜಾಗಕ್ಕೆ ‘ಟಿಕ್‌ವ್ಯಾಲ್ಸ್’, ಬರಹಕ್ಕೆ ‘ಟಿಕ್‌ಟೆಕ್ಸ್ಟ್’. ಈಚಾರ್ಟ್ಸ್‌ನಲ್ಲಿ ‘ಆಕ್ಸಿಸ್‌ಲೇಬಲ್’ ಒಳಗಿನ ‘ಇಂಟರ್ವಲ್’ ಅನ್ನು 0 ಮಾಡಿದರೆ ಕ್ಯಾಟಗರಿ ಅಕ್ಷದ ಯಾವ ಲೇಬಲನ್ನೂ ಅದು ಕೈಬಿಡಲ್ಲ.